ಸಹಾಯ ಬೇಕು: ಅಠಾರಾ ಕಚೇರಿಯ ಹಳೆಯ ಫೋಟೋ ಯಾವ ಕಾಲದ್ದು?

ಎಲ್ಲರಿಗೂ ನಮಸ್ಕಾರ. ಅಜ್ಜನ ಟ್ರಂಕಿನಲ್ಲಿ ಒಂದು ಫೋಟೋ ಸಿಕ್ಕಿದೆ. ಬೆಂಗಳೂರಿನ ಅಠಾರಾ ಕಚೇರಿ, ಅಂದರೆ ಈಗಿನ ಹೈಕೋರ್ಟ್. ದಪ್ಪ ರಟ್ಟಿಗೆ ಅಂಟಿಸಿದ್ದಾರೆ. ಹಿಂದೆ ಏನೂ ಬರೆದಿಲ್ಲ.

ಕಟ್ಟಡ ಮುಗಿದದ್ದು 1868ರಲ್ಲಿ, ಹಾಗಾಗಿ ಅದಕ್ಕಿಂತ ಹಿಂದಿನದಂತೂ ಅಲ್ಲ. ಮುಂದೆ ಮರಗಳೇ ಇಲ್ಲ, ಬರೀ ಬಯಲು. ಒಂದು ಲೈಟ್ ಕಂಬವೂ ಕಾಣುವುದಿಲ್ಲ. ಊರಿನ ಬೀದಿಗೆ ಕರೆಂಟ್ ದೀಪ ಬಂದದ್ದು 1905ರಲ್ಲಿ ಅಲ್ವಾ? ಆದರೆ ಇದೊಂದನ್ನೇ ನಂಬಿ ಕಾಲ ಹೇಳುವುದು ಕಷ್ಟ.

ಕಾಗದ ತುಂಬಾ ತೆಳು, ಕಂದು ಬಣ್ಣ, ಅಂಚು ಹಳದಿಯಾಗಿದೆ. ಭೂತಗನ್ನಡಿಯಲ್ಲಿ ಸಣ್ಣ ಸಣ್ಣ ಬಿರುಕು ಕಾಣುತ್ತವೆ. ಮೊಟ್ಟೆಯ ಬಿಳಿಭಾಗ ಬಳಿದು ಮಾಡುತ್ತಿದ್ದ ಆಲ್ಬುಮೆನ್ ಪ್ರಿಂಟ್ ಇರಬಹುದಾ? ಕೆಂಪು ಗೋಡೆ ತೀರಾ ಕಪ್ಪಗೆ, ಆಕಾಶ ಪೂರ್ತಿ ಬೆಳ್ಳಗೆ ಬಂದಿದೆ. ಆ ಕಾಲದ ಗಾಜಿನ ನೆಗೆಟಿವ್ ಕೆಂಪು ಬೆಳಕನ್ನು ಹಿಡಿಯುತ್ತಿರಲಿಲ್ಲ, ಅದಕ್ಕೇ ಇರಬೇಕು. ಕಟ್ಟಡದ ಕಂಬಗಳ ಸಾಲಿನ ಹತ್ತಿರ ಮಂಜಿನಂಥ ಒಂದು ಗೆರೆ ಇದೆ. ಕ್ಯಾಮೆರಾ ತೆರೆದಿದ್ದಷ್ಟು ಹೊತ್ತಿನಲ್ಲಿ ಯಾರೋ ನಡೆದು ಹೋದ ಗುರುತು ಅನಿಸುತ್ತದೆ. ಅದನ್ನು ಎಷ್ಟು ನೋಡಿದರೂ ಸಾಕಾಗುವುದಿಲ್ಲ.

ಒಂದು ಸ್ಟುಡಿಯೋದವರು ಒದ್ದೆ ಬಟ್ಟೆಯಲ್ಲಿ ಒರೆಸಿ, ರಟ್ಟು ಕಿತ್ತುಹಾಕಿ ಅಂದರು. ಭಯವಾಗಿ ವಾಪಸ್ ತಂದೆ.

ಇಂಥ ಪ್ರಿಂಟ್‌ಗಳ ಕಾಲ ಗುರುತಿಸಲು ಬಲ್ಲವರು ಯಾರಾದರೂ ಇದ್ದೀರಾ? ಕಚೇರಿಯ ಮುಂದೆ ಮರ ಬೆಳೆದ ಮೇಲಿನ ಹಳೆಯ ಫೋಟೋ ನಿಮ್ಮ ಮನೆಯಲ್ಲಿದ್ದರೆ ಹಾಕಿ, ಹೋಲಿಸಿ ನೋಡೋಣ. ರಟ್ಟು ಬಿಡಿಸದೆ, ಜಾಸ್ತಿ ಬೆಳಕು ತಾಗಿಸದೆ ಸ್ಕ್ಯಾನ್ ಮಾಡುವುದು ಹೇಗೆ ಅಂತಲೂ ದಯವಿಟ್ಟು ತಿಳಿಸಿ. ಅಲ್ಲಿಯವರೆಗೆ ಇದನ್ನು ಕತ್ತಲೆ ಬೀರುವಿನಲ್ಲೇ ಇಟ್ಟಿರುತ್ತೇನೆ.