ಶಾಲಾ ನಾಟಕ: ವೇದಿಕೆ ಒಲ್ಲೆ, ಬಣ್ಣದ ಮನೆ ಸಾಕು ಅನ್ನೋ ಮಕ್ಕಳಿಗೆ ಯಾವ ಕೆಲಸ?

ಬಸವನಗುಡಿ_ಮೇಷ್ಟ್ರು
ಡಿಸೆಂಬರಿನಲ್ಲಿ ವಾರ್ಷಿಕೋತ್ಸವ. ಪೌರಾಣಿಕ ನಾಟಕ, 40 ನಿಮಿಷ, 20 ಪಾತ್ರ. ಎಂಟನೇ ಕ್ಲಾಸಿನ ನಾಲ್ವರು ಮಾತು ಹೇಳೋಕೆ ಒಲ್ಲೆ ಅಂತಾರೆ, ಉಡುಪು-ಮೇಕಪ್ ಆದ್ರೆ ಸೈ. ಅವರನ್ನ ಬರೀ ಪಿನ್ನು ಹಿಡಿದುಕೊಂಡು ನಿಲ್ಲಿಸೋಕೆ ಮನಸ್ಸಿಲ್ಲ. ಯಾವ ಹೊಣೆ ಕೊಡಬಹುದು? ಆರು ವಾರ ಇದೆ.

ಸೂಜಿದಾರ
ಮೊದಲ ವಾರ ಸೂಜಿ ಕೊಡಬೇಡಿ, ಚಾರ್ಟ್ ಬರೆಸಿ. ಅಡ್ಡಕ್ಕೆ ದೃಶ್ಯ, ಉದ್ದಕ್ಕೆ ಪಾತ್ರ, ಒಂದೊಂದು ಚೌಕದಲ್ಲೂ ಉಡುಪು, ಒಡವೆ, ಕೈಯಲ್ಲೇನು. ಇದಕ್ಕೆ ತಾಲೀಮಿನಲ್ಲಿ ಕೂರಲೇಬೇಕು, ಹಾಗಾಗಿ ನಾಟಕ ಪೂರ್ತಿ ತಲೆಗೆ ಹತ್ತುತ್ತೆ. ಋಷಿ ಒಂದೇ ನಿಮಿಷದಲ್ಲಿ ರಾಜನಾಗಿ ಬರಬೇಕು ಅನ್ನೋ ಫಜೀತಿ ಈ ಚಾರ್ಟಲ್ಲೇ ಸಿಕ್ಕಿಬೀಳೋದು. ನಿರ್ದೇಶಕರಿಗೆ ಅದು ಎಷ್ಟೋ ಸಲ ಹೊಳೆದೇ ಇರಲ್ಲ! ಅಂಥ ಕಡೆ ರಾಜನ ಉಡುಪಿನ ಮೇಲೇ ಕಾವಿ ಸುತ್ತಿ, ಗುಂಡಿ ಬದಲು ವೆಲ್ಕ್ರೋ ಹಾಕಿ.

ಅಳತೆ: ಎದೆ, ಸೊಂಟ, ಭುಜ, ತೋಳು, ಸೊಂಟದಿಂದ ಹಿಮ್ಮಡಿ, ತಲೆಸುತ್ತು. ತಲೆಸುತ್ತನ್ನು ಜಡೆ ಕಟ್ಟಿದ ಮೇಲೆ ತೆಗೀರಿ, ಇಲ್ಲಾಂದ್ರೆ ಕಿರೀಟ ಕೂರಲ್ಲ. ಕಚ್ಚೆಗೆ 8 ಮೊಳದ ಪಂಚೆ (ಸುಮಾರು 3.6 ಮೀಟರ್) 13 ವರ್ಷದ ಹುಡುಗನಿಗೆ ಹೊರೆ. ಕಮ್ಮಿ ಬಟ್ಟೆಯಲ್ಲಿ ನೆರಿಗೆ ಹಿಡಿದು ಸೊಂಟಪಟ್ಟಿಗೆ ಹೊಲಿದುಬಿಡಿ, ಹಿಂದೆ ಎಲಾಸ್ಟಿಕ್. ಪಿನ್ನು ನಂಬಿಕೊಂಡು ಯುದ್ಧದ ದೃಶ್ಯ ಮಾಡೋದು ಬೇಡ. ಬಟ್ಟೆಗೆ ಚಿಕ್ಕಪೇಟೆ, ಲೇಸು-ಮಣಿಗೆ ಮಾಮೂಲ್‌ಪೇಟೆ. ಅಗ್ಗ ಅಂತ ಸ್ಯಾಟಿನ್ ತಂದ್ರೆ ಲೈಟಿಗೆ ಒಂದೊಂದು ಸುಕ್ಕೂ ಹೊಳೆಯುತ್ತೆ.

ಚೌಕಿಮನೆ
ಮೇಕಪ್ಪಿಗೆ ಮುಖಕ್ಕೆ 10 ನಿಮಿಷ ಅಂದ್ರೂ 20 ಮುಖಕ್ಕೆ 200 ನಿಮಿಷ. ನಾಲ್ವರೂ ಕೂತ್ರೆ 50. ಅಂದ್ರೆ ತಲಾ ಐದು ಮುಖ. ಅದೇ ಐವರನ್ನ ಕೊನೇವರೆಗೂ ಅವರಿಗೇ ಬಿಡಿ, ಕೈ ಪಳಗುತ್ತೆ.

ಮಕ್ಕಳ ಚರ್ಮಕ್ಕೆ ನೀರಿನ ಪ್ಯಾನ್‌ಕೇಕ್ (ಒದ್ದೆ ಸ್ಪಂಜಿಂದ ಹಚ್ಚೋ ಬಿಲ್ಲೆ ಬಣ್ಣ) ಸಾಕು. ಸ್ಪಂಜು ಒದ್ದೆ ಮಾಡಿ ಗಟ್ಟಿಯಾಗಿ ಹಿಂಡಿ. ನೀರು ಉಳಿದ್ರೆ ಪಟ್ಟೆಪಟ್ಟೆ ಬರುತ್ತೆ. ತೆಳ್ಳಗೆ ಹಚ್ಚಿ, ಕಿವಿ-ಕುತ್ತಿಗೆ ಮರೀಬೇಡಿ, ಕೊನೆಗೆ ಪೌಡರ್ ಒತ್ತಿ, ಉಜ್ಜಬೇಡಿ. ಬಣ್ಣ ಕುತ್ತಿಗೆಗೆ ಹೊಂದಲಿ. ಎಲ್ಲರಿಗೂ ಒಂದೇ ಗುಲಾಬಿ ಬಳಿದು ಸುಣ್ಣದ ಗೋಡೆ ಮಾಡೋ ಚಾಳಿ ನಮ್ಮ ಶಾಲೆಗಳಲ್ಲಿ ಯಾಕೋ ಹೋಗಿಲ್ಲ. ಹಿಂದಿನ ದಿನವೇ ಮೊಣಕೈ ಒಳಭಾಗಕ್ಕೆ ಸ್ವಲ್ಪ ಹಚ್ಚಿ ನೋಡಿ, ತುರಿಕೆ ಬಂದ್ರೆ ಅದು ಬೇಡ. ಸ್ಪಂಜು ತಲೆಗೊಂದು ತುಂಡು. ಲಿಪ್‌ಸ್ಟಿಕ್ ಕೆರೆದು ತಟ್ಟೆಗೆ ಹಾಕಿ ಇಯರ್‌ಬಡ್ಸಲ್ಲಿ ಹಚ್ಚಿ. ಕಾಡಿಗೆ ಹಂಚಿಕೊಂಡ್ರೆ ಕಣ್ಣುಬೇನೆಯೂ ಹಂಚಿಕೆಯಾಗುತ್ತೆ.

ಬಸವನಗುಡಿ_ಮೇಷ್ಟ್ರು
ಸರಿ. ಗಡ್ಡ, ನರೆಗೂದಲು? ಮತ್ತೆ ಸ್ಕೂಲಲ್ಲಿ ಹಳೇ ಬಣ್ಣದ ಪೆಟ್ಟಿಗೆ ಇದೆ, ಒಳಗೆ ಅರದಾಳ, ಮುರ್ದಾಸಿಂಗಿ ಪುಡಿ. ಬಳಸಬಹುದಾ?

ಚೌಕಿಮನೆ
ಮುಟ್ಟಲೇಬೇಡಿ. ಅರದಾಳದಲ್ಲಿರೋದು ಆರ್ಸೆನಿಕ್, ಮುರ್ದಾಸಿಂಗಿಯಲ್ಲಿ ಸೀಸ, ಎರಡೂ ವಿಷ. ಹಿಂದಿನವರು ಹಚ್ಚಿದ್ರು ಅನ್ನೋದು ಕಾರಣ ಅಲ್ಲ.

ಗಡ್ಡವನ್ನ ತೆಳು ಬಲೆಬಟ್ಟೆಗೆ ಹೊಲಿದು, ಕಿವಿಗೆ ಎಲಾಸ್ಟಿಕ್ ಕುಣಿಕೆ ಹಾಕಿ. ಸ್ಪಿರಿಟ್ ಗಮ್ (ಗಡ್ಡ-ಮೀಸೆಯನ್ನ ಚರ್ಮಕ್ಕೆ ಅಂಟಿಸೋ ಗೋಂದು) ಬೇಕೇ ಬೇಕು ಅಂದ್ರೆ ಹಚ್ಚಿದ ತಕ್ಷಣ ಅಂಟಿಸಬೇಡಿ, ಬೆರಳಿಂದ ತಟ್ಟಿ ಅಂಟಂಟಾದ ಮೇಲೆ ಒತ್ತಿ, ಹಸಿ ಇದ್ದಾಗ ಜಾರುತ್ತೆ. ಬಿಚ್ಚುವಾಗ ರಿಮೂವರ್, ಕೀಳೋದಲ್ಲ. ನರೆಗೆ ಟಾಲ್ಕಂ ಉದುರಿ ಹೆಗಲ ಮೇಲೆ ಬೀಳುತ್ತೆ, ಬಿಳಿ ಪ್ಯಾನ್‌ಕೇಕನ್ನ ಹೊಸ ಟೂತ್‌ಬ್ರಷ್‌ನಿಂದ ಬಾಚಿ. ಸುಕ್ಕಿಗೆ ಕಂದು ಪೆನ್ಸಿಲ್, ಕಪ್ಪಲ್ಲ. ಹುಡುಗನಿಗೆ ಹುಬ್ಬು ಗಂಟಿಕ್ಕೋಕೆ ಹೇಳಿ, ಮಡಿಕೆ ಬಿದ್ದ ಕಡೆಯೇ ಎಳೆಯಿರಿ.

ಕೆಂಪುಜೆಲ್
ಒಂದು ಸೇರಿಸ್ತೀನಿ: ಟ್ಯೂಬ್‌ಲೈಟ್ ಕೆಳಗೆ ಮಾಡಿದ ಮೇಕಪ್ಪನ್ನ ವೇದಿಕೆ ಬೆಳಕಲ್ಲಿ ನೋಡದೆ ಒಪ್ಪಬೇಡಿ. ಕೆಂಪು ಬೆಳಕಲ್ಲಿ ತುಟಿಯ ಕೆಂಪು ಮಾಯ, ನೀಲಿ-ಹಸಿರಲ್ಲಿ ಅದೇ ಕೆಂಪು ಕಪ್ಪು. ರಾಕ್ಷಸನ ಎಂಟ್ರಿಗೆ ಕೆಂಪು ಲೈಟ್ ಇಟ್ಟಿದ್ರೆ ಮುಖಕ್ಕೆ ಬಳಿದ ಕೆಂಪೆಲ್ಲ ದಂಡ. ಕಡೇ ತಾಲೀಮಲ್ಲಿ ನಾಲ್ವರಲ್ಲಿ ಒಬ್ಬರನ್ನ ಸಭಾಂಗಣದ ಕೊನೇ ಸಾಲಲ್ಲಿ ಕೂರಿಸಿ, ಯಾರ ಕಣ್ಣು ಕಾಣ್ತಿಲ್ಲ ಅಂತ ಬರೆದುಕೊಳ್ಳಲಿ. ಆ ಪಟ್ಟಿ ಚಾರ್ಟ್ ಪಕ್ಕದಲ್ಲೇ ಅಂಟಿಸಿ.