ಹಾಲಿನ ಪುಡಿ ಟಿನ್ನಿನಲ್ಲಿ ಫೋಟೋ ಬರುತ್ತಾ? ಪಿನ್‌ಹೋಲ್ ಕ್ಯಾಮೆರಾ ಮಾಡಿದವರು ಹೇಳಿ

ಕೇಳಿದ್ದು:

ನಮಸ್ಕಾರ. ಮಗಳು ಎಂಟನೇ ಕ್ಲಾಸು. ಎರಡು ರಟ್ಟಿನ ಡಬ್ಬಿ ಒಂದರೊಳಗೊಂದು ಜಾರಿಸಿ ಪಿನ್‌ಹೋಲ್ ಕ್ಯಾಮೆರಾ (ಲೆನ್ಸ್ ಇಲ್ಲದೆ ಸೂಜಿ ತೂತಿನಿಂದಲೇ ಚಿತ್ರ ಬೀಳಿಸುವುದು) ಮಾಡುವುದನ್ನು ಶಾಲೆಯಲ್ಲಿ ಕಲಿತಿದ್ದಾಳೆ. ಬಟರ್ ಪೇಪರ್ ಮೇಲೆ ತೆಂಗಿನಮರ ತಲೆಕೆಳಗಾಗಿ ಕಂಡಿದ್ದೇ ತಡ, ಈಗ ಅದನ್ನು ಫೋಟೋ ಮಾಡಲೇಬೇಕು ಅಂತ ಹಟ. ಮನೆಯಲ್ಲಿ ಹಾಲಿನ ಪುಡಿಯ ಖಾಲಿ ಟಿನ್ ಇದೆ. ಡಾರ್ಕ್‌ರೂಮ್ ಇಲ್ಲ, ಕೆಮಿಕಲ್ ಬಗ್ಗೆ ನನಗೆ ಸ್ವಲ್ಪ ಭಯ. ಎಲ್ಲಿಂದ ಶುರು ಮಾಡಲಿ? ಮಾಡಿ ನೋಡಿದವರು ದಯವಿಟ್ಟು ತಿಳಿಸಿ.

ಮೈಸೂರಿನಿಂದ ಒಬ್ಬರು:

ಟಿನ್ ಇದೆ ಅಂದರೆ ಅರ್ಧ ಕೆಲಸ ಆಯ್ತು. ಪ್ಲಾಸ್ಟಿಕ್ ಡಬ್ಬಿಗಿಂತ ಟಿನ್ ಎಷ್ಟೋ ಮೇಲು. ಪ್ಲಾಸ್ಟಿಕ್ ನೋಡಲು ಗಟ್ಟಿ ಅನಿಸಿದರೂ ಬಿಸಿಲಲ್ಲಿ ಒಳಗೆ ಬೆಳಕು ಬಿಡುತ್ತದೆ. ಟಿನ್ನಿನ ಒಳಗೆ, ಮುಚ್ಚಳದ ಒಳಗೂ, ಬ್ಲಾಕ್‌ಬೋರ್ಡ್ ಪೇಂಟ್ ಬಳಿಯಿರಿ. ಅದು ಹೊಳೆಯುವುದಿಲ್ಲ, ಅದೇ ನಮಗೆ ಬೇಕಾದ್ದು. ಮುಚ್ಚಳ ಪ್ಲಾಸ್ಟಿಕ್ಕಿನದಾದರೆ ಹೊರಗಡೆಯಿಂದ ಅಲ್ಯುಮಿನಿಯಂ ಫಾಯಿಲ್ ಸುತ್ತಿ ಟೇಪ್ ಹಾಕಿ.

ಇನ್ನು ತೂತು. ನನ್ನ ಪ್ರಕಾರ ನಿಮ್ಮ ಸಮಯವೆಲ್ಲ ಹೋಗಬೇಕಾದ್ದು ಇಲ್ಲಿಗೆ. ಟಿನ್ನಿಗೇ ನೇರವಾಗಿ ಪಿನ್ ಚುಚ್ಚಬೇಡಿ. ಟಿನ್ನಿನ ಪಕ್ಕದಲ್ಲಿ, ನಡುಮಧ್ಯಕ್ಕೆ, ಮೊಳೆಯಿಂದ ದೊಡ್ಡ ತೂತು ಮಾಡಿ. ನಿಜವಾದ ಸಣ್ಣ ತೂತು ಬೇರೆ ತಗಡಿನಲ್ಲಿ. ಕೂಲ್‌ಡ್ರಿಂಕ್ ಕ್ಯಾನಿನಿಂದ ಒಂದಿಂಚು ಚೌಕ ಕತ್ತರಿಸಿ, ಹಳೇ ನೋಟ್‌ಬುಕ್ ಮೇಲಿಟ್ಟು, ಬಟ್ಟೆ ಹೊಲಿಯುವ ಅತಿ ಸಣ್ಣ ಸೂಜಿಯ ಮೊನೆಯನ್ನು ಬರೀ ಒತ್ತಿ. ಚುಚ್ಚುವುದಲ್ಲ, ಒತ್ತುವುದು. ಹಿಂದುಗಡೆ ಚಿಕ್ಕ ಗುಬ್ಬಿ ಏಳುತ್ತದೆ. ಅದನ್ನು ನಯವಾದ ಸ್ಯಾಂಡ್‌ಪೇಪರಿನಿಂದ ಮೆಲ್ಲಗೆ ಉಜ್ಜಿ. ತಿರುಗಿಸಿ ಮತ್ತೆ ಸೂಜಿ ಒತ್ತಿ ಬೆರಳಲ್ಲೇ ತಿರುವಿ, ಮತ್ತೆ ಉಜ್ಜಿ. ಹೀಗೆ ಮಾಡ್ತಾ ಮಾಡ್ತಾ ಅಂಚಿನಲ್ಲಿ ಸಿಬಿರು ಇಲ್ಲದ ದುಂಡನೆ ತೂತು ಬರುತ್ತದೆ. ಬೆಳಕಿಗೆ ಹಿಡಿದು ಭೂತಗನ್ನಡಿಯಲ್ಲಿ ನೋಡಿದರೆ ಗೊತ್ತಾಗುತ್ತದೆ. ಅಂಚು ಹರಿದಿದ್ದರೆ ಬೇರೆ ತುಂಡು ತಗೊಳ್ಳಿ, ಕ್ಯಾನಿನಲ್ಲಿ ತಗಡಿಗೆ ಬರ ಇಲ್ಲ.

ಎಷ್ಟು ದೊಡ್ಡದು? ಟಿನ್ನಿನ ಅಡ್ಡಳತೆ 10 ಸೆಂ.ಮೀ. ಇದ್ದರೆ 0.4 ಮಿ.ಮೀ. ಸರಿ. ಸ್ಟೀಲ್ ಸ್ಕೇಲಿನ ಪಕ್ಕ ಇಟ್ಟು ಮೊಬೈಲಿನಲ್ಲಿ ಜೂಮ್ ಮಾಡಿ. ಅರ್ಧ ಮಿ.ಮೀ. ಗೆರೆಗಿಂತ ಚೂರು ಕಮ್ಮಿ ಕಾಣಬೇಕು. ಮನೆಯಲ್ಲಿ ಸ್ಕ್ಯಾನರ್ ಇದ್ದರೆ 1200 ಡಿಪಿಐನಲ್ಲಿ ಸ್ಕ್ಯಾನ್ ಮಾಡಿ, ತೂತಿನ ಅಗಲ ಸುಮಾರು 19 ಪಿಕ್ಸೆಲ್ ಬರುತ್ತದೆ. ಇನ್ನೂ ಸಣ್ಣ ಮಾಡಿದರೆ ಚಿತ್ರ ಇನ್ನೂ ಚೂಪಾಗುತ್ತೆ ಅಂತ ಅನಿಸುತ್ತದೆ. ಆಗಲ್ಲ. ಒಂದು ಮಿತಿ ದಾಟಿದರೆ ಬೆಳಕು ತೂತಿನ ಅಂಚಿನಲ್ಲಿ ಹರಡಿಕೊಂಡು ಚಿತ್ರ ಮತ್ತೆ ಮಬ್ಬಾಗುತ್ತದೆ. ತೂತಿನಿಂದ ಪೇಪರಿಗೆ ದೂರ ಕಮ್ಮಿಯಾದರೆ ತೂತೂ ಸಣ್ಣದಾಗಬೇಕು. 5 ಸೆಂ.ಮೀ.ಗೆ 0.3 ಸಾಕು.

ತಗಡನ್ನು ಒಳಗಡೆಯಿಂದ ಕಪ್ಪು ಇನ್ಸುಲೇಷನ್ ಟೇಪಿನಲ್ಲಿ ಅಂಟಿಸಿ. ಹೊರಗೆ ಅದೇ ಟೇಪಿನ ಒಂದು ತುಂಡು ಶಟರ್. ತುದಿ ಮಡಚಿಟ್ಟರೆ ಕೀಳಲು ಸುಲಭ.

ಪೇಪರ್ ಬಗ್ಗೆ ಜೋಪಾನ. ಸ್ಟೇಷನರಿ ಅಂಗಡಿಯಲ್ಲಿ "ಫೋಟೋ ಪೇಪರ್" ಅಂತ ಕೊಡುವುದು ಪ್ರಿಂಟರಿನದ್ದು. ಅದಕ್ಕೆ ಬೆಳಕು ತಾಗಿದರೂ ಏನೂ ಆಗುವುದಿಲ್ಲ. ನಿಮಗೆ ಬೇಕಾದ್ದು ಬೆಳ್ಳಿಯ ಲವಣ ಲೇಪಿಸಿದ ಬ್ಲಾಕ್ ಅಂಡ್ ವೈಟ್ ಪೇಪರ್. ಇಲ್ಫೋರ್ಡ್ ಮಲ್ಟಿಗ್ರೇಡ್ ಆನ್‌ಲೈನಿನಲ್ಲಿ ಸಿಗುತ್ತದೆ. ಪ್ಲಾಸ್ಟಿಕ್ ಲೇಪದ 5x7 ಇಂಚಿನದು ತಗೊಳ್ಳಿ, ಬೇಗ ತೊಳೆದು ಬೇಗ ಒಣಗುತ್ತದೆ. ಫಿಲ್ಮ್ ಬದಲು ಪೇಪರೇ ಯಾಕೆ ಅಂದರೆ ಪೇಪರಿಗೆ ಕೆಂಪು ಬೆಳಕು ಕಾಣುವುದಿಲ್ಲ. ಹಾಗಾಗಿ ಮಗಳು ತನ್ನ ಚಿತ್ರ ಮೂಡುವುದನ್ನು ಕಣ್ಣಾರೆ ನೋಡಬಹುದು. ಇದಕ್ಕೋಸ್ಕರವಾದರೂ ಪೇಪರಿನಿಂದಲೇ ಶುರು ಮಾಡಿ.

ಡಾರ್ಕ್‌ರೂಮ್ ಅಂದರೆ ರಾತ್ರಿ ಹೊತ್ತಿನ ಬಚ್ಚಲುಮನೆ. ಬಾಗಿಲ ಸಂದಿಗೆ ಟವೆಲ್ ತುರುಕಿ, ಸೈಕಲ್ಲಿನ ಹಿಂದಿನ ಕೆಂಪು ದೀಪ ಗೋಡೆ ಕಡೆ ತಿರುಗಿಸಿಡಿ. ಆ ಕೆಂಪು ನಂಬಬಹುದಾ ಅಂತ ಮೊದಲು ಪರೀಕ್ಷೆ ಮಾಡಿ. ಪೇಪರಿನ ಚೂರಿನ ಮೇಲೆ ನಾಣ್ಯ ಇಟ್ಟು ಐದು ನಿಮಿಷ ಆ ಬೆಳಕಲ್ಲಿ ಬಿಡಿ, ಆಮೇಲೆ ಡೆವಲಪ್ ಮಾಡಿ, ಅಂದರೆ ಚಿತ್ರ ಮೂಡಿಸುವ ದ್ರಾವಣದಲ್ಲಿ ಅದ್ದಿ. ನಾಣ್ಯದ ಗುರುತು ಬಿತ್ತು ಅಂದರೆ ದೀಪ ಬದಲಿಸಿ. ಟಿನ್ನಿನೊಳಗೆ ಪೇಪರಿನ ಹೊಳೆಯುವ ಮುಖ ತೂತಿಗೆ ಎದುರಾಗಿ ಬಾಗಿಸಿ ಇಡಿ, ತುದಿಗಳು ತೂತಿಗೆ ಅಡ್ಡ ಬರಬಾರದು.

ಎಷ್ಟು ಹೊತ್ತು ತೆರೆಯಬೇಕು ಅನ್ನುವುದಕ್ಕೆ ಒಂದು ಲೆಕ್ಕ ಇದೆ. 10 ಸೆಂ.ಮೀ.ಗೆ 0.4 ತೂತು ಅಂದರೆ ಎಫ್ 250 (ದೂರವನ್ನು ತೂತಿನ ಅಗಲದಿಂದ ಭಾಗಿಸಿದ್ದು). ಪೇಪರಿನ ವೇಗ, ಅಂದರೆ ಬೆಳಕಿಗೆ ಎಷ್ಟು ಬೇಗ ಸ್ಪಂದಿಸುತ್ತದೆ ಅನ್ನುವ ಅಳತೆ, ಐಎಸ್‌ಒ 6 ಅಂತ ಇಟ್ಟುಕೊಳ್ಳಿ. ಒಳ್ಳೇ ಬಿಸಿಲಲ್ಲಿ 40ರಿಂದ 60 ಸೆಕೆಂಡ್ ಬೇಕಾಗುತ್ತದೆ. ನೆರಳಲ್ಲಿ ಐದಾರು ನಿಮಿಷ. ಟಿನ್ನಿನ ಮೇಲೆ ಕಲ್ಲು ಹೇರಿ, ಅಲುಗಬಾರದು. ನಡು ಮಧ್ಯಾಹ್ನ ಬೇಡ. ಪೇಪರಿನಲ್ಲಿ ಬಿಳಿ-ಕಪ್ಪಿನ ಅಂತರ ಮೊದಲೇ ಜಾಸ್ತಿ, ಬೆಳಗಿನ ಮೃದು ಬಿಸಿಲಲ್ಲಿ ಚೆನ್ನಾಗಿ ಬರುತ್ತದೆ.

ಸಿಗುವುದು ನೆಗೆಟಿವ್, ಬೆಳಕಿದ್ದ ಕಡೆ ಕಪ್ಪು, ಕತ್ತಲಿದ್ದ ಕಡೆ ಬಿಳಿ. ಮೊಬೈಲಿನಲ್ಲಿ ತೆಗೆದು ಬಣ್ಣ ಉಲ್ಟಾ ಮಾಡಿ, ಎಡ-ಬಲವನ್ನೂ ತಿರುಗಿಸಿ. ಹಳೇ ರೀತಿ ಬೇಕಾದರೆ ನೆಗೆಟಿವ್ ಬೋರಲಾಗಿ ಹೊಸ ಪೇಪರಿನ ಮೇಲಿಟ್ಟು, ಗಾಜು ಹೇರಿ, ಒಂದೆರಡು ಸೆಕೆಂಡ್ ಲೈಟ್ ಹಾಕಿ.

ಕೊಡಗಿನಿಂದ:

ಕೆಮಿಕಲ್ ಭಯ ಅಂದಿರಲ್ಲ, ಅದಕ್ಕೆ ಬರೆಯುತ್ತಿದ್ದೇನೆ. ಡೆವಲಪರ್ ನಿಮ್ಮ ಅಡುಗೆಮನೆಯಲ್ಲೇ ಇದೆ. ಇನ್‌ಸ್ಟಂಟ್ ಕಾಫಿ, ವಾಷಿಂಗ್ ಸೋಡಾ, ವಿಟಮಿನ್ ಸಿ. ಇದಕ್ಕೆ ಕೆಫೆನಾಲ್ ಅಂತ ಹೆಸರು. 1995ರಲ್ಲಿ ಅಮೆರಿಕದ ರೋಚೆಸ್ಟರ್ ಇನ್‌ಸ್ಟಿಟ್ಯೂಟ್ ಆಫ್ ಟೆಕ್ನಾಲಜಿಯ ಒಂದು ತರಗತಿಯಲ್ಲಿ ಹುಟ್ಟಿದ್ದು, ವಿಟಮಿನ್ ಸಿ ಆಮೇಲೆ ಸೇರಿತು.

ಅರ್ಧ ಲೀಟರ್ ನೀರಿಗೆ 27 ಗ್ರಾಂ ವಾಷಿಂಗ್ ಸೋಡಾ, 8 ಗ್ರಾಂ ವಿಟಮಿನ್ ಸಿ ಪುಡಿ, 20 ಗ್ರಾಂ ಕಾಫಿ. ಮೊದಲು ಸೋಡಾ ಪೂರ್ತಿ ಕರಗಲಿ. ಆಮೇಲೆ ವಿಟಮಿನ್, ನೊರೆ ಏಳುತ್ತದೆ. ಕೊನೆಗೆ ಕಾಫಿ. ಸೋಡಾ ಹರಳಿನಂತೆ ಇದ್ದರೆ ಅದರಲ್ಲಿ ನೀರಿನಂಶ ಇರುತ್ತದೆ, 27ರ ಬದಲು 73 ಗ್ರಾಂ ಹಾಕಬೇಕು. ಅಡುಗೆ ಸೋಡಾ ಆಗುವುದಿಲ್ಲ, ಅದು ಬೇರೆ ವಸ್ತು. ಚೀಪುವ ಕಿತ್ತಳೆ ಮಾತ್ರೆಯೂ ಬೇಡ, ಅದರಲ್ಲಿ ಸಕ್ಕರೆ, ಬಣ್ಣ ಎಲ್ಲ ಇರುತ್ತದೆ.

ಕೆಲಸ ಮಾಡುವುದು ಕೆಫೀನ್ ಅಲ್ಲ, ಕಾಫಿಯಲ್ಲಿರುವ ಆಮ್ಲಗಳು. ಅವು ಅರೇಬಿಕಾಗಿಂತ ರೊಬಸ್ಟಾದಲ್ಲಿ ಜಾಸ್ತಿ. ನಮ್ಮ ಕಡೆ ಬೆಳೆಯುವುದು ಬಹಳಷ್ಟು ರೊಬಸ್ಟಾ, ಹಾಗಾಗಿ ಇದನ್ನು ಹೇಳುವಾಗ ನನಗೆ ತುಂಬಾ ಖುಷಿ. ಚಿಕೋರಿ ಬೆರೆಸಿದ್ದು ಬಿಟ್ಟು ಪೂರ್ತಿ ಕಾಫಿಯದ್ದೇ ತಗೊಳ್ಳಿ, ಅಗ್ಗದ್ದು ಸಾಕು.

ಪೇಪರ್ ಮುಳುಗಿಸಿ ತಟ್ಟೆ ಅಲ್ಲಾಡಿಸುತ್ತಿರಿ. ಕಂದು ನೀರಿನಡಿ ಮೊದಲು ಆಕಾಶ ಕಪ್ಪಾಗುತ್ತದೆ, ಆಮೇಲೆ ಗೋಡೆ, ಕೊನೆಗೆ ಎಲೆಗಳ ನಡುವಿನ ಸಂದಿ. ಮೂರರಿಂದ ಐದು ನಿಮಿಷ, ಬೇಸಿಗೆಯ ಬೆಚ್ಚಗಿನ ನೀರಾದರೆ ಬೇಗ. ಆಮೇಲೆ ನೀರಲ್ಲಿ ಅದ್ದಿ, ಫಿಕ್ಸರಿಗೆ ಹಾಕಿ. ಚಿತ್ರ ಮತ್ತೆ ಬೆಳಕಿಗೆ ಕಪ್ಪಾಗದಂತೆ ಉಳಿಸುವ ಈ ಫಿಕ್ಸರ್ ಒಂದನ್ನು ಮಾತ್ರ ಕೊಳ್ಳಲೇಬೇಕು. ಹಳೇ ಸ್ಟುಡಿಯೋದವರು ಹೈಪೋ ಅನ್ನುತ್ತಾರೆ. ಬಳಸಿದ ಹೈಪೋದಲ್ಲಿ ಬೆಳ್ಳಿ ಸೇರಿರುತ್ತದೆ, ಗಿಡಕ್ಕೋ ಬಾವಿ ಹತ್ತಿರವೋ ಚೆಲ್ಲಬೇಡಿ. ಗ್ಲೌಸ್ ಹಾಕಿಸಿ, ಸೋಡಾ ಕಣ್ಣಿಗೆ ಹಾರಬಾರದು. ತಟ್ಟೆಗಳನ್ನು ಮತ್ತೆ ಊಟಕ್ಕೆ ಬಳಸಬೇಡಿ. ವಾಸನೆ ಕೆಟ್ಟದಾಗಿರುತ್ತದೆ, ಕಿಟಕಿ ಆಮೇಲೆ ತೆರೆದಿಡಿ.

ಹೊಸಪೇಟೆ ಕಡೆಯ ಒಬ್ಬ ಶಿಕ್ಷಕಿ:

ಟಿನ್ನಿಗೆ ಕೈ ಹಾಕುವ ಮೊದಲು ಮಗಳನ್ನು ಒಂದು ಕ್ಯಾಮೆರಾದ ಒಳಗೇ ಕೂರಿಸಿ. ಬಿಸಿಲು ಬಿದ್ದ ಬೀದಿ ಕಡೆಯ ಕಿಟಕಿಗೆ ಕಪ್ಪು ರಟ್ಟು ಮುಚ್ಚಿ, ಒಂದು ರೂಪಾಯಿ ನಾಣ್ಯಕ್ಕಿಂತ ಸಣ್ಣ ತೂತು ಬಿಡಿ. ಎದುರು ಗೋಡೆಗೆ ಬಿಳಿ ಪಂಚೆ ಕಟ್ಟಿ. ಕಣ್ಣು ಕತ್ತಲೆಗೆ ಹೊಂದಿಕೊಳ್ಳಲು ಸ್ವಲ್ಪ ಹೊತ್ತು ಕೊಡಿ. ಬೀದಿಯಲ್ಲಿ ಹೋಗುವ ಆಟೋ ತಲೆಕೆಳಗಾಗಿ, ಬಣ್ಣದ ಸಮೇತ ಹೋಗುತ್ತದೆ.

ಹಂಪಿಯ ವಿರೂಪಾಕ್ಷ ದೇವಸ್ಥಾನಕ್ಕೆ ಹೋದವರಿಗೆ ಇದು ಗೊತ್ತೇ ಇರುತ್ತದೆ. ಒಳಗಿನ ಕತ್ತಲೆ ಕೋಣೆಯ ಗೋಡೆಯ ಮೇಲೆ ರಾಜಗೋಪುರ ತಲೆಕೆಳಗಾಗಿ ಬೀಳುತ್ತದೆ. ಗೈಡುಗಳು ಅಂಗೈಯನ್ನೋ ಬಿಳಿ ಹಾಳೆಯನ್ನೋ ಅಡ್ಡ ಹಿಡಿದು ತೋರಿಸುತ್ತಾರೆ. ಮಕ್ಕಳನ್ನು ಕರೆದುಕೊಂಡು ಹೋದಾಗ ನಾನು ಮೊದಲು ಗೋಡೆ ತೋರಿಸುವುದಿಲ್ಲ, ತೂತು ಎಲ್ಲಿದೆ ಹುಡುಕಿ ಅನ್ನುತ್ತೇನೆ.

ಹಂಚಿನ ಮನೆಯಾದರೆ ಇನ್ನೂ ಸುಲಭ. ಹಂಚಿನ ಸಂದಿಯಿಂದ ನೆಲಕ್ಕೆ ಬೀಳುವ ದುಂಡನೆ ಬಿಸಿಲುಕೋಲಿನ ಬೊಟ್ಟು ಇದೆಯಲ್ಲ, ಅದು ಸೂರ್ಯನ ಚಿತ್ರವೇ. ಸಂದಿ ಯಾವ ಆಕಾರ ಇದ್ದರೂ ಬೊಟ್ಟು ದುಂಡಗೇ ಇರುವುದು ಅದಕ್ಕೇ. 2019ರ ಡಿಸೆಂಬರ್ 26ರ ಕಂಕಣ ಗ್ರಹಣದಲ್ಲಿ ಮಂಗಳೂರಿನ ಕಡೆ ಇಂಥ ಬೊಟ್ಟುಗಳೆಲ್ಲ ಬಳೆಯಾಗಿದ್ದವು. ಒಂದು ಎಚ್ಚರಿಕೆ. ತೂತಿನ ಮೂಲಕ ಸೂರ್ಯನನ್ನು ನೇರವಾಗಿ ಯಾವತ್ತೂ ನೋಡಬಾರದು. ಬೆನ್ನು ಸೂರ್ಯನಿಗೆ, ಕಣ್ಣು ಪರದೆಗೆ.

ಕೇಳಿದವರು ಮತ್ತೆ:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ತಗಡು ಉಜ್ಜುವುದು ಆಗಲೇ ಶುರುವಾಗಿದೆ. ಡೆವಲಪ್ ಮಾಡದೆಯೇ, ತಿಂಗಳುಗಟ್ಟಲೆ ಹೊರಗಿಟ್ಟು ಸೂರ್ಯನ ಗೆರೆ ಹಿಡಿಯುವುದು ಅಂತಲೂ ಇದೆಯಂತೆ. ನಮ್ಮಲ್ಲಿ ಆಗುತ್ತಾ?

ಬೆಂಗಳೂರಿನಿಂದ ಒಬ್ಬರು:

ಆಗುತ್ತೆ, ಖಂಡಿತ ಮಾಡಿ. ಇದಕ್ಕೆ ಸೋಲಾರ್‌ಗ್ರಫಿ ಅಂತಾರೆ. ಅದೇ ಪೇಪರ್, ಕೂಲ್‌ಡ್ರಿಂಕ್ ಕ್ಯಾನು, ತೂತು. ಬಿಸಿಲೇ ಪೇಪರಿನ ಮೇಲೆ ಬಣ್ಣ ತರುತ್ತದೆ. ಇಂಗ್ಲೆಂಡಿನ ಹರ್ಟ್‌ಫರ್ಡ್‌ಶೈರ್ ವಿಶ್ವವಿದ್ಯಾಲಯದ ವೀಕ್ಷಣಾಲಯದಲ್ಲಿ 2012ರಲ್ಲಿ ಕಟ್ಟಿಟ್ಟ ಬಿಯರ್ ಕ್ಯಾನ್ ಮರೆತೇ ಹೋಗಿ 2020ರಲ್ಲಿ ಸಿಕ್ಕಿತು. ಅದರೊಳಗೆ ಎಂಟು ವರ್ಷದ ಸೂರ್ಯನ ದಾರಿ ಇತ್ತು.

ಆದರೆ ಅಲ್ಲಿನವರು ಹೇಳುವ ಹಾಗೆ ದಕ್ಷಿಣಕ್ಕೆ ಮುಖ ಮಾಡಿ ಕಟ್ಟಬೇಡಿ. ಅವರಿಗೆ ಸೂರ್ಯ ವರ್ಷವಿಡೀ ದಕ್ಷಿಣದಲ್ಲೇ. ನಮಗೆ ಹಾಗಲ್ಲ. ಬೆಂಗಳೂರಿನಲ್ಲಿ ಏಪ್ರಿಲ್ ಕೊನೆ ವಾರ ಸೂರ್ಯ ನೆತ್ತಿ ಮೇಲೆ ಬಂದು ಉತ್ತರಕ್ಕೆ ದಾಟುತ್ತಾನೆ. ದಕ್ಷಿಣ ನೋಡುವ ಕ್ಯಾನಿಗೆ ಬೇಸಿಗೆಯ ಗೆರೆಗಳು ಸಿಗುವುದೇ ಇಲ್ಲ. ಪೂರ್ವಕ್ಕೆ ಮುಖ ಮಾಡಿ. ಆಗ ಹುಟ್ಟುವ ಸೂರ್ಯ ವರ್ಷದಲ್ಲಿ ಎಡಕ್ಕೆ 24, ಬಲಕ್ಕೆ 24 ಡಿಗ್ರಿ ಸರಿಯುವುದು ಪೂರ್ತಿ ಚಿತ್ರದಲ್ಲಿ ಬರುತ್ತದೆ.

ಸಂಕ್ರಾಂತಿ ಹೊತ್ತಿಗೆ ಕಟ್ಟಿ ಮೇ ಕೊನೆಗೆ, ಮುಂಗಾರಿಗೆ ಮೊದಲೇ ಬಿಚ್ಚಿ. ಮಳೆ ನೀರು ಹೊಕ್ಕರೆ ಪೇಪರಿನ ಲೇಪ ಎದ್ದುಹೋಗುತ್ತದೆ. ಟೆರೇಸಿನ ಕಬ್ಬಿಣದ ಪೈಪಿಗೆ ಕೇಬಲ್ ಟೈ ಹಾಕಿ ಬಿಗಿಯಿರಿ, ಮರಕ್ಕೆ ಬೇಡ, ಗಾಳಿಗೆ ಅಲುಗುತ್ತದೆ. ಅಕ್ಕಪಕ್ಕದವರಿಗೆ ಒಂದು ಮಾತು ಹೇಳಿಡಿ, ಇಲ್ಲದಿದ್ದರೆ ಕಸ ಅಂತ ಕಿತ್ತು ಎಸೆಯುತ್ತಾರೆ. ಬಿಚ್ಚಿದ ಮೇಲೆ ತೊಳೆಯಬೇಡಿ, ಫಿಕ್ಸ್ ಮಾಡಬೇಡಿ. ಮಂದ ಬೆಳಕಲ್ಲಿ ತೆಗೆದು ಒಮ್ಮೆಗೇ ಸ್ಕ್ಯಾನ್ ಮಾಡಿ, ಸ್ಕ್ಯಾನರಿನ ಬೆಳಕೂ ಅದನ್ನು ಕಪ್ಪು ಮಾಡುತ್ತದೆ. ಒಂದರ ಬದಲು ಎರಡು ಮೂರು ಕ್ಯಾನ್ ಬೇರೆ ಬೇರೆ ಕಡೆ ಕಟ್ಟಿ, ಒಂದಾದರೂ ಕೈಗೆ ಸಿಗುತ್ತದೆ.