ಆಸ್ಪತ್ರೆಯ ಕೋಣೆಗೆ ಕನ್ನಡ ಬೋರ್ಡು: ‘ಸೆಕ್ಯುಲರ್’, ‘ಖಾಸಗಿ ನಂಬಿಕೆ’ಗೆ ಏನನ್ನೋಣ? ಸಂಜೆಯೊಳಗೆ ಬೇಕು

ಹಡಪ್ಸರದಿಂದ:

ನಮಸ್ಕಾರ. ಸ್ವಲ್ಪ ಅವಸರದ ವಿಷಯ. ಪುಣೆಯ ನಮ್ಮ ಕಡೆಯ ಒಂದು ಆಸ್ಪತ್ರೆಯಲ್ಲಿ ಐಸಿಯು ಪಕ್ಕ ಸಣ್ಣದೊಂದು ಕೋಣೆ ಬಿಟ್ಟುಕೊಟ್ಟಿದ್ದಾರೆ. ರೋಗಿಯ ಜೊತೆ ಬಂದವರು ಅಲ್ಲಿ ಕೂತು ಪ್ರಾರ್ಥನೆ ಮಾಡಬಹುದು, ಯಾವ ಧರ್ಮದವರಾದರೂ ಸರಿ. ಬೋರ್ಡು ಮರಾಠಿ, ಹಿಂದಿ, ಇಂಗ್ಲಿಷಿನಲ್ಲಿ ತಯಾರಾಗಿದೆ. ಸೊಲ್ಲಾಪುರ, ಅಕ್ಕಲಕೋಟೆ, ಇಂಡಿ, ಆಳಂದ ಕಡೆಯಿಂದ ಬರುವವರು ಜಾಸ್ತಿ, ಅದಕ್ಕೇ ಕನ್ನಡವೂ ಇರಲಿ ಅಂತ ನಾನೇ ಹಟ ಹಿಡಿದೆ. ಹಟ ಹಿಡಿದವನ ತಲೆಗೇ ಕೆಲಸ ಬಂತು.

ಇಂಗ್ಲಿಷಿನಲ್ಲಿರುವುದರ ಸಾರ ಇಷ್ಟು: ಇದು ಸೆಕ್ಯುಲರ್ ಜಾಗ, ಎಲ್ಲರಿಗೂ ತೆರೆದಿದೆ. ನಿಮ್ಮ ನಂಬಿಕೆ ನಿಮ್ಮ ಖಾಸಗಿ ವಿಷಯವಾಗಿರಲಿ. ದೀಪ, ಊದುಬತ್ತಿ, ಗಟ್ಟಿ ದನಿಯ ಪ್ರಾರ್ಥನೆ, ಗುಂಪು ಪೂಜೆ ಬೇಡ. ನಾನು ಬರೆದದ್ದು: ‘ಜಾತ್ಯಾತೀತ ಪ್ರಾರ್ಥನಾ ಕೊಠಡಿ. ಧಾರ್ಮಿಕ ನಂಬಿಕೆಯನ್ನು ಖಾಸಗಿಯಾಗಿ ಆಚರಿಸಿ. ಸಾರ್ವಜನಿಕ ಪೂಜೆ ನಿಷೇಧಿಸಲಾಗಿದೆ.’ ಓದಿದರೆ ಪೊಲೀಸ್ ಠಾಣೆಯ ನೋಟೀಸಿನ ಹಾಗೆ ಕೇಳುತ್ತದೆ. ವಿನೈಲ್ ಅಂಗಡಿಯವನು ಆರು ಗಂಟೆಗೆ ಫೈಲು ಕೇಳಿದ್ದಾನೆ. ಯಾರಾದರೂ ದಾರಿ ತೋರಿಸಿ.

ಮುಲುಂಡ್‌ನಿಂದ:

‘ಜಾತ್ಯಾತೀತ’ ಎಂಬ ಪದ ಇಲ್ಲ. ಜಾತಿ ಮತ್ತು ಅತೀತ, ಯಣ್ ಸಂಧಿ, ಜಾತ್ಯತೀತ. ದೀರ್ಘ ಎಲ್ಲಿಂದ ಬಂತು? ಪತ್ರಿಕೆಯವರು ಬರೆಯುತ್ತಾರೆ ಅಂತ ಗೋಡೆಗೂ ಅಂಟಿಸಬೇಕೇ?

ಹಡಪ್ಸರದಿಂದ:

ಸಂಧಿ ಆಯಿತು ಮೇಷ್ಟ್ರೇ. ಪದ?

ಡೊಂಬಿವಿಲಿಯಿಂದ:

ಪದವೇ ಬೇಡ. ಜಾತ್ಯತೀತ ಅಂದರೆ ಜಾತಿ ಮೀರಿದ್ದು. ಇಲ್ಲಿ ವಿಷಯ ಧರ್ಮದ್ದು, ಜಾತಿಯದ್ದು ಯಾಕೆ ಬಂತು? ಅದೂ ಅಲ್ಲದೆ 1999ರಲ್ಲಿ ಜನತಾದಳ ಒಡೆದ ಮೇಲೆ ಈ ಪದ ಕರ್ನಾಟಕದವರಿಗೆ ಒಂದು ಪಕ್ಷದ ಬಾಲವಾಗಿಬಿಟ್ಟಿದೆ. ಇಂಡಿಯಿಂದ ಬಂದವರು ಬೋರ್ಡು ನೋಡಿ ಪಾರ್ಟಿ ಆಫೀಸು ಅಂದುಕೊಂಡಾರು.

‘ಧರ್ಮನಿರಪೇಕ್ಷ’ವೂ ಬೇಡ. ಅದು ಹಿಂದಿ, ಮರಾಠಿಯವರಿಗೆ ಸರಿ. ಅವರಿಗೆ ನಿರಪೇಕ್ಷ ಅಂದರೆ ಯಾವುದನ್ನೂ ಅವಲಂಬಿಸದ್ದು. ನಮಗೆ ಅಪೇಕ್ಷೆ ಅಂದರೆ ಆಸೆ. ಆಗ ಧರ್ಮನಿರಪೇಕ್ಷ ಅಂದರೆ ಧರ್ಮ ಬೇಡ ಅನ್ನುವವನು! ಹಾಗಂತ ‘ಮತನಿರಪೇಕ್ಷ’ ಅಂದರೆ ಇನ್ನೂ ಚೆಂದ, ವೋಟು ಬೇಡ ಅನ್ನುವ ರಾಜಕಾರಣಿ. ಅಂಥವರು ಯಾರಾದರೂ ಸಿಕ್ಕರೆ ಫೋಟೋ ಕಳಿಸಿ.

ನನ್ನ ಮತ (ವೋಟು ಅಂತಲೇ ತಿಳಿಯಿರಿ) ‘ಸರ್ವಧರ್ಮ ಸಮಭಾವ’ಕ್ಕೆ. 1976ರ 42ನೇ ತಿದ್ದುಪಡಿಯಲ್ಲಿ ಸಂವಿಧಾನದ ಪೀಠಿಕೆಗೆ ಸೆಕ್ಯುಲರ್ ಸೇರಿತಲ್ಲ, ಆಮೇಲೆ ಹಿಂದಿ ಪೀಠಿಕೆಯಲ್ಲಿ ‘ಪಂಥನಿರಪೇಕ್ಷ’, ಮರಾಠಿಯಲ್ಲಿ ‘ಧರ್ಮನಿರಪೇಕ್ಷ’ ಬಂತು. ಕನ್ನಡದ ಅಚ್ಚುಗಳಲ್ಲಿ ಜಾತ್ಯತೀತವೂ ಕಾಣುತ್ತದೆ, ಸರ್ವಧರ್ಮ ಸಮಭಾವವೂ ಕಾಣುತ್ತದೆ. ಒಂದೇ ಪದಕ್ಕೆ ಪಕ್ಕಪಕ್ಕದ ಭಾಷೆಗಳು ಇಷ್ಟು ದಿಕ್ಕಿಗೆ ಹೋಗಿವೆ ಅಂದ ಮೇಲೆ, ಎಲ್ಲರಿಗೂ ಒಂದೇ ಅರ್ಥ ಇದೆ ಅಂತ ನಾವು ಸುಮ್ನೆ ನಟಿಸುತ್ತಿದ್ದೇವೆ.

ಮುಲುಂಡ್‌ನಿಂದ:

ಹಳ್ಳಿಯ ಮಾತು ಮರೆತಿದ್ದೀರಿ. ‘ಅವರು ಯಾವ ಜಾತಿ?’ ಅಂತ ಕೇಳಿದರೆ ‘ಸಾಬರು’, ‘ಕಿರಿಸ್ತಾನರು’ ಅಂತಲೇ ಉತ್ತರ ಬರುತ್ತದೆ. ಜನರ ಬಾಯಲ್ಲಿ ಜಾತಿಯೊಳಗೆ ಧರ್ಮವೂ ಇದೆ. ಆ ಅರ್ಥದಲ್ಲೇ ಜಾತ್ಯತೀತ ನಿಂತಿದೆ. ಸಮಭಾವ ಅನ್ನುವುದು ಗಾಂಧಿಯವರ ದಾರಿ, ಎಲ್ಲ ಧರ್ಮವನ್ನೂ ಹತ್ತಿರ ಕರೆಯುವುದು. ಸೆಕ್ಯುಲರ್ ಅಂದರೆ ಸರ್ಕಾರ ಎಲ್ಲ ಧರ್ಮಗಳಿಂದಲೂ ದೂರ ನಿಲ್ಲುವುದು. ಎರಡನ್ನೂ ಒಂದೇ ಚೀಲಕ್ಕೆ ತುಂಬಬೇಡಿ.

ವಾಸ್ಕೋದಿಂದ:

ಮೇಷ್ಟ್ರು ‘ದೂರ ನಿಲ್ಲುವುದು’ ಅಂದರು, ಆದರೆ ಪದದ ಮೂಲ ಬೇರೆ ಹೇಳುತ್ತದೆ. ಲ್ಯಾಟಿನಿನ ಸೆಕ್ಯುಲಮ್ ಅಂದರೆ ಕಾಲ, ಯುಗ, ಈ ಲೋಕ. ಇಗರ್ಜಿಯಲ್ಲಿ ಇವತ್ತಿಗೂ ಸೆಕ್ಯುಲರ್ ಪಾದ್ರಿ ಅಂತಾರೆ. ಯಾವುದೇ ಸನ್ಯಾಸಿ ಸಭೆಗೆ ಸೇರದೆ ಊರಿನ ಜನರ ನಡುವೆ ಇದ್ದು, ಮದುವೆ, ಸಾವು, ಜಗಳ ಎಲ್ಲ ನೋಡಿಕೊಳ್ಳುವ ಪಾದ್ರಿ. ದೇವರನ್ನು ನಂಬದ ಪಾದ್ರಿ ಅಂತಲ್ಲ! ಸೆಕ್ಯುಲರಿಸಮ್ ಅಂತ ಇಂಗ್ಲೆಂಡಿನ ಹೋಲಿಯೋಕ್ ಹೊಸದಾಗಿ ಕಟ್ಟಿದ್ದು 1851ರಲ್ಲಿ. ಫ್ರಾನ್ಸಿನವರು 1905ರ ಕಾನೂನಿನಲ್ಲಿ ಚರ್ಚನ್ನೂ ಸರ್ಕಾರವನ್ನೂ ಬೇರೆ ಮಾಡಿದರು, ಅವರ ಪದವೇ ಬೇರೆ. ನಮ್ಮ ಸುಪ್ರೀಂ ಕೋರ್ಟ್ 1994ರಲ್ಲಿ, ನಮ್ಮ ಹುಬ್ಬಳ್ಳಿಯ ಎಸ್. ಆರ್. ಬೊಮ್ಮಾಯಿ ಅವರ ಕೇಸಿನಲ್ಲಿ, ಸೆಕ್ಯುಲರಿಸಮ್ ಸಂವಿಧಾನದ ಮೂಲ ರಚನೆಯ ಭಾಗ ಅಂದಿತು. ಒಂದು ಪದಕ್ಕೆ ಇಷ್ಟು ಚರಿತ್ರೆ. ಅದನ್ನು ಐಸಿಯು ಬಾಗಿಲಿಗೆ ಯಾಕೆ ನೇತುಹಾಕಬೇಕು?

ಕೊಥ್ರೂಡ್‌ನಿಂದ:

ಎಲ್ಲರೂ ಸಂಸ್ಕೃತ, ಲ್ಯಾಟಿನ್ ಅಂತ ಸುತ್ತುತ್ತಿದ್ದೀರಿ. ಧಾರ್ಮಿಕ, ಪ್ರಾರ್ಥನಾ, ಸಾರ್ವಜನಿಕ, ನಿಷೇಧ, ಇವು ಕನ್ನಡವಾ? ಕೊಠಡಿ ಹಿಂದಿಯ ಕೋಠರಿಯ ನೆಂಟ. ಖಾಸಗಿ ಅಂತೂ ಅರಬ್ಬಿಯ ‘ಖಾಸ್’, ಮರಾಠಿ ಕಚೇರಿಯ ಕಡತದಲ್ಲಿ ಕೂತು ನಮ್ಮಲ್ಲಿಗೆ ಬಂದದ್ದು. ‘ನಂಬು’ ನಮ್ಮದು, ತಮಿಳಿನಲ್ಲಿ ನಂಬು, ತೆಲುಗಿನಲ್ಲಿ ನಮ್ಮು. ‘ಎಲ್ಲ ನಂಬುಗೆಯವರ ಕೋಣೆ’ ಅಂತ ಬರೆಯಿರಿ. ಮುಗಿಯಿತು.

ಮುಲುಂಡ್‌ನಿಂದ:

ನಿಮ್ಮ ಹಾಗೆ ಎರವಲು ಪದಗಳನ್ನೆಲ್ಲ ವಾಪಸು ಕೊಡುತ್ತಾ ಹೋದರೆ ಆಸ್ಪತ್ರೆಯನ್ನೂ ಕೊಡಬೇಕಾಗುತ್ತದೆ. ಅದು ಪೋರ್ಚುಗೀಸು, ಇಂಗ್ಲಿಷು ಅಂತ ಜಗಳವಾಡಿಕೊಂಡೇ ರೋಗಿ ಹೋಗಿಬಿಡುತ್ತಾನೆ.

ಕೊಥ್ರೂಡ್‌ನಿಂದ:

ವ್ಯಂಗ್ಯ ಬೇಡ. ಉತ್ತರ ಇದ್ದರೆ ಹೇಳಿ.

ವಾಸ್ಕೋದಿಂದ:

ಉತ್ತರ ನಾನು ಹೇಳುತ್ತೇನೆ ಅಣ್ಣಾ. ಊದುಬತ್ತಿಯ ‘ಊದ್’ ಅರಬ್ಬಿ, ಸುಗಂಧದ ಮರ. ಅದನ್ನು ಹಚ್ಚದೆ ಯಾರ ಮನೆಯ ದೇವರ ಕೋಣೆ ನಡೆದಿದೆ? ‘ಇಗರ್ಜಿ’, ‘ಪಾದ್ರಿ’ ಪೋರ್ಚುಗೀಸು, ಮಂಗಳೂರಿನವರಿಗೆ ಮನೆಮಾತು. ನಮಾಜ್ ಪರ್ಷಿಯನ್ ಪದ. ನಂಬಿಕೆಗಳೇ ಊರೂರು ಸುತ್ತಿ ಬಂದಿವೆ, ಪದಗಳು ಯಾಕೆ ಮನೆಯಲ್ಲೇ ಕೂತಿರಬೇಕು? ಗೋವಾದಲ್ಲಿ 1867ರ ಪೋರ್ಚುಗೀಸ್ ಸಿವಿಲ್ ಕೋಡ್ ಇವತ್ತಿಗೂ ನಡೆಯುತ್ತಿದೆ. ಮಾಪ್ಸಾದ ಇಗರ್ಜಿಯ ಮಿಲಾಗ್ರಿಸ್ ಸಾಯ್ಬಿಣಿ, ಅಂದರೆ ಮೇರಿ ಮಾತೆಯ ಹಬ್ಬಕ್ಕೆ ಹಿಂದೂಗಳು ಎಣ್ಣೆ ಹಿಡಿದುಕೊಂಡು ಬರುತ್ತಾರೆ, ಶಿರಗಾಂವದ ಲಯರಾಯಿ ದೇವಿ ಅವಳ ಅಕ್ಕತಂಗಿ ಅಂತ. ಎಣ್ಣೆ ತರುವವರನ್ನು ನೀವು ಸೆಕ್ಯುಲರ್ರಾ ಅಂತ ಯಾರೂ ಕೇಳಿಲ್ಲ.

ಡೊಂಬಿವಿಲಿಯಿಂದ:

ಹಬ್ಬದ ಮಾತು ಬಂತಲ್ಲ, ನನ್ನ ನೇರ ಅಭಿಪ್ರಾಯ ಕೇಳಿ. ನಂಬಿಕೆ ಮನೆಯೊಳಗಿರಬೇಕು. 2000ನೇ ಇಸವಿಯ ಶಬ್ದ ಮಾಲಿನ್ಯ ನಿಯಮದ ಪ್ರಕಾರ ರಾತ್ರಿ 10ರಿಂದ ಬೆಳಗಿನ 6ರವರೆಗೆ ಧ್ವನಿವರ್ಧಕ ಹಾಕುವಂತಿಲ್ಲ. ಧ್ವನಿವರ್ಧಕ ಯಾವ ಧರ್ಮಕ್ಕೂ ಅನಿವಾರ್ಯ ಭಾಗವಲ್ಲ ಅಂತ ಬಾಂಬೆ ಹೈಕೋರ್ಟ್ 2016ರಲ್ಲೇ ಹೇಳಿದೆ, ಆಮೇಲೂ ಹೇಳಿದೆ. ಆದರೂ ನಮ್ಮ ಬಿಲ್ಡಿಂಗ್ ಹಿಂದೆ ಬೆಳಗ್ಗೆ ಒಬ್ಬರು, ರಾತ್ರಿ ಇನ್ನೊಬ್ಬರು. ಸಾರ್ವಜನಿಕ ಅಂದರೆ ಏನು ಅಂತ ಬೋರ್ಡಿನಲ್ಲಿ ಸ್ಪಷ್ಟವಾಗಿ ಬರೆಯಲೇಬೇಕು.

ಮುಲುಂಡ್‌ನಿಂದ:

ಸ್ಪಷ್ಟವಾಗಿ ಬರೆದರೆ ಪುಣೆಯಲ್ಲಿ ಏನಾಗುತ್ತದೆ ಗೊತ್ತಾ? 1893ರಲ್ಲಿ ಟಿಳಕರು ಮನೆಯ ಗಣಪತಿಯನ್ನು ಬೀದಿಗೆ ತಂದ ಊರು ಅದು. ಅದೇ ವರ್ಷ ಇಲ್ಲಿ ಮುಂಬಯಿಯ ಗಿರಗಾಂವ್‌ನ ಕೇಶವಜಿ ನಾಯಕ್ ಚಾಳಿನಲ್ಲೂ ಶುರುವಾಯಿತು. ಆವತ್ತಿನಿಂದ ಈ ಕಡೆ ‘ಸಾರ್ವಜನಿಕ’ ಅಂದರೆ ಪೆಂಡಾಲು, ವರ್ಗಣಿ (ಚಂದಾ), ಸಮಿತಿ. ‘ಸಾರ್ವಜನಿಕ ಪೂಜೆ ನಿಷೇಧ’ ಅಂತ ಹಾಕಿದರೆ ಮಂಡಳಿಯವರು ರಸೀದಿ ಪುಸ್ತಕ ಹಿಡಿದುಕೊಂಡೇ ವಿಚಾರಿಸಲು ಬರುತ್ತಾರೆ.

ಇನ್ನು ನಂಬಿಕೆ ಮನೆಯೊಳಗಿರಬೇಕು ಅನ್ನುವ ಮಾತು. ಆಳಂದಿಯಿಂದ ಜ್ಞಾನೇಶ್ವರರ ಪಾಲಖಿ, ದೇಹುವಿನಿಂದ ತುಕಾರಾಮರ ಪಾಲಖಿ ಪುಣೆಯ ನಡುವೆಯೇ ಹಾದು ಪಂಢರಪುರಕ್ಕೆ ನಡೆಯುತ್ತವೆ. ಅಲ್ಲಿ ನಡೆಯುವವನ ಭಕ್ತಿ ಖಾಸಗಿಯೋ ಸಾರ್ವಜನಿಕವೋ? ನಿಮ್ಮ ಎರಡು ಡಬ್ಬಿಗಳಲ್ಲಿ ಯಾವುದಕ್ಕೂ ಅವನು ಹಿಡಿಸುವುದಿಲ್ಲ.

ಡೊಂಬಿವಿಲಿಯಿಂದ:

ಪಂಢರಪುರಕ್ಕೆ ಹೋಗುವ ವಾರಕರಿ ತಾಳ ಹಿಡಿದು ನಡೆಯುತ್ತಾನೆ, ಡಿಜೆ ಕಟ್ಟಿಕೊಂಡು ಬರುವುದಿಲ್ಲ. ಹೋಲಿಸಬೇಡಿ. ಮೂಢನಂಬಿಕೆಯನ್ನು ಪ್ರಶ್ನಿಸಿದ ದಾಭೋಲ್ಕರ್ ಅವರನ್ನು 2013ರ ಆಗಸ್ಟ್ 20ರಂದು ಇದೇ ಪುಣೆಯಲ್ಲಿ ಕೊಂದರು. ಬೀದಿಯಲ್ಲಿ ನಂಬಿಕೆಗೆ ಜಾಗ ಕೇಳುವವರು ಪ್ರಶ್ನೆಗೂ ಅಷ್ಟೇ ಜಾಗ ಬಿಡಲಿ.

ಕೊಥ್ರೂಡ್‌ನಿಂದ:

ನೋಡಿ, ಮರಾಠಿಯವರಿಗೆ ‘ಅಂಧಶ್ರದ್ಧೆ’, ನಮಗೆ ‘ಮೂಢನಂಬಿಕೆ’. ಅರ್ಧವಾದರೂ ಕನ್ನಡ ಉಳಿಸಿಕೊಂಡೆವು. ಇದನ್ನೇ ನಾನು ಹೇಳುತ್ತಿರುವುದು.

ಹಡಪ್ಸರದಿಂದ:

ಅಯ್ಯೋ, ಗಂಟೆ ನಾಲ್ಕಾಯಿತು. ಬೋರ್ಡು ಸ್ವಾಮಿ ಬೋರ್ಡು.

ಚಿಂಚವಡದಿಂದ:

ನಾನು ವಾರ್ಡಿನಲ್ಲಿ ಕೆಲಸ ಮಾಡುವವಳು, ಊರು ವಿಜಯಪುರದ ಕಡೆ. ಇಷ್ಟು ಹೊತ್ತು ಓದಿದೆ. ಇಲ್ಲಿ ಯಾರೂ ಆ ಕೋಣೆಗೆ ಬರುವವರು ಯಾರು ಅಂತ ಯೋಚಿಸಿದ ಹಾಗಿಲ್ಲ.

ನಮ್ಮಲ್ಲಿ ಒಬ್ಬ ಅಜ್ಜಿ ಬಂದಿದ್ದರು, ಮಗನಿಗೆ ಆಪರೇಷನ್. ಬೆಳಗ್ಗೆಯಿಂದ ಊಟ ಇಲ್ಲ. ಯಾಕವ್ವಾ ಅಂದರೆ ಪೂಜೆ ಆಗಿಲ್ಲ ಅಂದರು. ಲಿಫ್ಟಿನ ಪಕ್ಕದ ಬೆಂಚಿನ ಮೇಲೆ, ಗೋಡೆಗೆ ಮುಖ ಮಾಡಿ, ಸೆರಗು ಮುಂದೆ ಎಳೆದುಕೊಂಡು, ಕೊರಳಿನ ಕರಡಿಗೆಯಿಂದ ಇಷ್ಟಲಿಂಗ ತೆಗೆದು ಎಡಗೈ ಮೇಲೆ ಇಟ್ಟುಕೊಂಡರು. ಬಾಟಲಿ ಮುಚ್ಚಳದಲ್ಲಿ ನೀರು. ಒಂದು ಚೂರು ವಿಭೂತಿ. ತುಟಿ ಅಲ್ಲಾಡಿದ್ದು ಬಿಟ್ಟರೆ ಸದ್ದೇ ಇಲ್ಲ. ಎದುರಿಗೆ ಜನ ಬಂದು ಹೋಗುತ್ತಿದ್ದರು, ಸೆಕ್ಯುರಿಟಿಯವನು ನೋಡಿ ಸುಮ್ಮನೆ ಆ ಕಡೆ ತಿರುಗಿದ. ಆಮೇಲೆ ಬಿಸ್ಕೀಟು ತಿಂದರು.

ಈಗ ಹೇಳಿ, ಅದು ಖಾಸಗಿಯಾ ಸಾರ್ವಜನಿಕವಾ? ನಿಮ್ಮ ಬೋರ್ಡಿನಲ್ಲಿ ‘ಪೂಜೆ ನಿಷೇಧ’ ಅಂತ ಓದಿದ್ದರೆ ಆ ಅಜ್ಜಿ ಒಳಗೆ ಬರುತ್ತಲೇ ಇರಲಿಲ್ಲ. ‘ಸಾರ್ವಜನಿಕ’ ಅನ್ನುವ ವಿಶೇಷಣ ಯಾರ ಕಣ್ಣಿಗೂ ಬೀಳುವುದಿಲ್ಲ, ನಿಷೇಧ ಒಂದೇ ಕಾಣುತ್ತದೆ. ಪೂಜೆಗೆ ಯಾರ ತಕರಾರೂ ಇಲ್ಲ. ತಕರಾರು ಇರುವುದು ಬೆಂಕಿಗೆ. ಪಕ್ಕದಲ್ಲಿ ಆಕ್ಸಿಜನ್ ಲೈನ್ ಇದೆ. ಅದನ್ನೇ ಹೇಳಿ. ಕಾರಣ ಹೇಳಿದರೆ ನಮ್ಮ ಜನ ಕೇಳುತ್ತಾರೆ. ಕಾರಣ ಹೇಳದೆ ಬೇಡ ಅಂದರೆ ನಮ್ಮ ದೇವರಿಗೆ ಮಾತ್ರ ಬೇಡ ಅಂದರು ಅಂದುಕೊಳ್ಳುತ್ತಾರೆ.

‘ದೇವರ ಕೋಣೆ’ ಅಂತ ಮಾತ್ರ ಹಾಕಬೇಡಿ. ಹಾಕಿದರೆ ಮರುದಿನವೇ ಫೋಟೋ, ಹೂವು, ದೀಪ ಬರುತ್ತವೆ. ನಮ್ಮಲ್ಲಿಗೆ ಬರುವವರಲ್ಲಿ ಬೌದ್ಧರೂ ಜಾಸ್ತಿ. ಬಾಬಾಸಾಹೇಬರು 1956ರಲ್ಲಿ ನಾಗಪುರದಲ್ಲಿ ಧಮ್ಮ ದೀಕ್ಷೆ ತಗೊಂಡಾಗಿನಿಂದ ದೇವರ ಮಾತಿಗೆ ಹೋಗದ ಮನೆಗಳವು. ಅವರೂ ಕೂತು ಅಳುವುದಕ್ಕೆ ಒಂದು ಜಾಗ ಬೇಕಲ್ಲ.

ವಾಸ್ಕೋದಿಂದ:

ಅಕ್ಕಾ, ನೀವು ಮೊದಲೇ ಬರೆಯಬಾರದಿತ್ತಾ. ಸಂವಿಧಾನದ 25ನೇ ವಿಧಿಯೂ ಇದನ್ನೇ ಹೇಳುವುದು. ನಂಬಿ, ಆಚರಿಸಿ, ಪ್ರಚಾರ ಮಾಡಿ, ಆದರೆ ಸಾರ್ವಜನಿಕ ಸುವ್ಯವಸ್ಥೆ, ನೈತಿಕತೆ, ಆರೋಗ್ಯಕ್ಕೆ ಒಳಪಟ್ಟು. ಆಕ್ಸಿಜನ್ ಪಕ್ಕ ದೀಪ ಬೇಡ ಅನ್ನುವುದಕ್ಕೆ ಸೆಕ್ಯುಲರ್ ಪದ ಯಾಕೆ ಬೇಕು.

ಚಪ್ಪಲಿಯ ಬಗ್ಗೆ ಒಂದು ಸಾಲು ಇರಲಿ. ಅಲ್ಲಿ ನಮಾಜ್ ಮಾಡುವವರಿಗೆ ನೆಲ ಚೊಕ್ಕವಾಗಿರಬೇಕು. ಸಾಧ್ಯವಾದರೆ ಪಶ್ಚಿಮ ಯಾವ ಕಡೆ ಅಂತ ಮೂಲೆಯಲ್ಲಿ ಒಂದು ಬಾಣ ಹಾಕಿಸಿ.

ಹಡಪ್ಸರದಿಂದ:

ಇದೇ ಅಂತಿಮ. ಹತ್ತು ನಿಮಿಷ ಕಾಯುತ್ತೇನೆ, ಆಮೇಲೆ ಕಳಿಸುತ್ತೇನೆ.

‘ಪ್ರಾರ್ಥನೆಯ ಕೋಣೆ. ಯಾರು ಬೇಕಾದರೂ ಬರಬಹುದು, ಸುಮ್ಮನೆ ಕೂರಲೂಬಹುದು. ನಿಮ್ಮ ನಿಮ್ಮ ಪದ್ಧತಿಯಂತೆ ಪೂಜೆ, ಪ್ರಾರ್ಥನೆ, ನಮಾಜ್ ಮಾಡಿ. ದನಿ ಮೆಲ್ಲಗಿರಲಿ. ಪಕ್ಕದಲ್ಲಿ ಆಕ್ಸಿಜನ್ ಇದೆ. ದೀಪ, ಊದುಬತ್ತಿ, ಕರ್ಪೂರ ಹಚ್ಚಬೇಡಿ. ಚಪ್ಪಲಿ ಹೊರಗೆ ಬಿಡಿ.’

ಡೊಂಬಿವಿಲಿಯಿಂದ:

ಎಲ್ಲ ಧರ್ಮದವರಿಗೆ ಸಮಾನ ಅಂತ ಎಲ್ಲೂ ಇಲ್ಲವಲ್ಲ? ತತ್ವವೇ ಬಿಟ್ಟುಹೋಯಿತು.

ಚಿಂಚವಡದಿಂದ:

‘ಯಾರು ಬೇಕಾದರೂ’ ಇದೆ. ಸಾಕು.

ಮುಲುಂಡ್‌ನಿಂದ:

ಒಟ್ಟಿನಲ್ಲಿ ಪರವಾಗಿಲ್ಲ. ‘ಆಕ್ಸಿಜನ್’ ಯಾಕೆ? ‘ಆಮ್ಲಜನಕ’ ಎಂಬ ಸುಂದರ ಪದ ಪಠ್ಯಪುಸ್ತಕದಲ್ಲೇ ಇದೆ.

ಚಿಂಚವಡದಿಂದ:

ಆಮ್ಲ ಅಂದರೆ ಆ್ಯಸಿಡ್ ಅಂದುಕೊಂಡು ಓಡಿಹೋಗುತ್ತಾರೆ ಮೇಷ್ಟ್ರೇ. ಆಕ್ಸಿಜನ್ ಎಲ್ಲರಿಗೂ ಗೊತ್ತು, ಕೊರೊನಾ ಆದ ಮೇಲೆ ಅಂತೂ ಕೇಳಲೇಬೇಡಿ.

ಕೊಥ್ರೂಡ್‌ನಿಂದ:

‘ಉಸಿರುಗಾಳಿ’ ಅನ್ನಿ.

ಹಡಪ್ಸರದಿಂದ:

ಫೈಲು ಹೋಯಿತು. ಆಕ್ಸಿಜನ್ ಅಂತಲೇ ಇದೆ. ಖಾಸಗಿ, ಉಸಿರುಗಾಳಿ ಎರಡಕ್ಕೂ ದಯವಿಟ್ಟು ಬೇರೆ ಚರ್ಚೆ ಶುರು ಮಾಡಿ, ನನ್ನನ್ನು ಮಾತ್ರ ಅದಕ್ಕೆ ಸೇರಿಸಬೇಡಿ.